ಆಲ್ಬ್ ತಪ್ಪಲಿನ 12 ಸೇಬಿನ ಮರಗಳು

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಹೋದರೆ ಸ್ವೇಬಿಯನ್ ಆಲ್ಬ್ ಬೆಟ್ಟಸಾಲು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಅದರ ತಪ್ಪಲಲ್ಲಿ 12 ಹಳೇ ಸೇಬಿನ ಮರಗಳಿರುವ ಒಂದು ಜಮೀನಿನ ಪಟ್ಟಿಯನ್ನು ಆರು ವರ್ಷದಿಂದ ಗುತ್ತಿಗೆಗೆ ನೋಡಿಕೊಳ್ಳುತ್ತಿದ್ದೇನೆ. ಇಲ್ಲಿನವರು ಇದಕ್ಕೆ 'ಷ್ಟುಕ್ಲೆ' ಅನ್ನುತ್ತಾರೆ, ಅಂದರೆ ಚಿಕ್ಕ ತುಂಡು. ಹಿಂದಿನಿಂದಲೂ ಆಸ್ತಿಯನ್ನು ಮಕ್ಕಳಿಗೆಲ್ಲ ಸಮವಾಗಿ ಹಂಚಿ ಹಂಚಿ ಜಮೀನೆಲ್ಲ ಹೀಗೆ ಸಣ್ಣ ಪಟ್ಟಿಗಳಾಗಿವೆ.

2009ರಲ್ಲಿ ಯುನೆಸ್ಕೋ ಆಲ್ಬ್‌ನ ಸುಮಾರು 85,000 ಹೆಕ್ಟೇರನ್ನು ಜೀವಗೋಳ ಮೀಸಲು ಪ್ರದೇಶ ಅಂತ ಗುರುತಿಸಿತು. ಅದರಲ್ಲಿ ಮನುಷ್ಯ ಕೈಯಾಡಿಸದೆ ಬಿಟ್ಟ ಕಾಡು ಶೇ. 3ರಷ್ಟು ಮಾತ್ರ. ಮಿಕ್ಕ ಕಡೆ ಜನ ದುಡಿಯುತ್ತಲೇ ಇರಬೇಕು. ಸುಮ್ನೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಮುಳ್ಳುಪೊದೆ ಎದ್ದು ಮರಗಳ ಕೆಳಗಿನ ಹುಲ್ಲುಗಾವಲು ಮುಚ್ಚಿಹೋಗುತ್ತದೆ. ಜ್ಯೂಸ್ ಸೇಬಿಗೆ ಸಿಗುವ ಬೆಲೆಯಲ್ಲಿ ಕೂಲಿ ಗಿಟ್ಟುವುದಿಲ್ಲ, ಹಾಗಾಗಿ ಬಿಟ್ಟು ಹೋಗುವವರೇ ಜಾಸ್ತಿ.

ಮೊದಲ ವರ್ಷ ನಾನು ಮೇ ತಿಂಗಳಲ್ಲೇ ಹುಲ್ಲು ಕೊಯ್ದೆ. ಗೊಬ್ಬರವಾಗಲಿ ಅಂತ ಅಲ್ಲೇ ಬಿಟ್ಟೆ. ಊರಲ್ಲಿ ತೆಂಗಿನ ಬುಡಕ್ಕೆ ಸೊಪ್ಪು ಹಾಕಿ ಬೆಳೆದವನು ನಾನು. ಪಕ್ಕದ ಪಟ್ಟಿಯ ಅಜ್ಜ ಬಂದು ನೋಡಿದರು. "ಮಣ್ಣು ಬಡವಾಗಿರಬೇಕಪ್ಪಾ, ಆಗಲೇ ಇಲ್ಲಿ ಹೂವು" ಅಂದರು. ಅವರ ಮಾತು ನಿಜ. ಸಾರ ಹೆಚ್ಚಿದರೆ ಒರಟು ಹುಲ್ಲು ದಟ್ಟವಾಗಿ ಬೆಳೆದು ಹೂಗಿಡಗಳನ್ನು ತುಳಿಯುತ್ತದೆ. ಈಗ ಜೂನ್ ಅರ್ಧ ಕಳೆದು, ಬೀಜ ಉದುರಲು ಶುರುವಾದ ಮೇಲೆ ಕೊಯ್ಯುತ್ತೇನೆ. ಒಣಗಿಸಿ, ಹುಲ್ಲನ್ನೆಲ್ಲ ಹೊರಗೆ ಸಾಗಿಸುತ್ತೇನೆ. ಬೇಸಿಗೆಯ ಕೊನೆಗೆ ಇನ್ನೊಂದು ಸಲ. ಅಷ್ಟೇ.

ಮರದ ಕೆಲಸ ಫೆಬ್ರವರಿಯಲ್ಲಿ. ನಡುವಿನ ಕಾಂಡ, ಸುತ್ತ ಮೂರು ನಾಲ್ಕು ಮುಖ್ಯ ಕೊಂಬೆ ಬಿಟ್ಟುಕೊಂಡು ಒಳಗೆ ಬಿಸಿಲು ಬೀಳುವ ಹಾಗೆ ಸವರಬೇಕು. ಟೋಪಿ ಎಸೆದರೆ ಕೊಂಬೆಗಳ ನಡುವೆ ಹಾದುಹೋಗಬೇಕು ಅಂತ ಇಲ್ಲಿನ ಮಾತು. ಒಂದೇ ಚಳಿಗಾಲದಲ್ಲಿ ಅತಿಯಾಗಿ ಕಡಿದರೆ ಮರ ಗಾಬರಿಬಿದ್ದ ಹಾಗೆ ನೆಟ್ಟನೆ ಕೋಲುಚಿಗುರು ಎಬ್ಬಿಸುತ್ತದೆ. ನನ್ನ ಎರಡು ಮರಗಳಿಗೆ ಹಾಗಾಯಿತು, ಸರಿಪಡಿಸಲು ಮೂರು ವರ್ಷ ಬೇಕಾಯಿತು.

ಎಲ್ಲಕ್ಕಿಂತ ಕಾಡುವುದು ಬಂದಳಿಕೆ. ನಮ್ಮ ಮಾವಿನ ಮರಗಳಿಗೆ ಹತ್ತುತ್ತಲ್ಲ, ಅದರ ದೂರದ ನೆಂಟ. ಹಕ್ಕಿಗಳು ಅಂಟುಬೀಜವನ್ನು ಕೊಂಬೆಗೆ ಅಂಟಿಸಿ ಹೋಗುತ್ತವೆ. ಆರೈಕೆ ಇಲ್ಲದ ತೋಟಗಳಲ್ಲಿ ಚಳಿಗಾಲದಲ್ಲೂ ಮರ ಹಸಿರಾಗಿ ಕಾಣುತ್ತದೆ, ಆದರೆ ಆ ಹಸಿರು ಮರದ್ದಲ್ಲ. ಗಿಡವನ್ನಷ್ಟೇ ಕಿತ್ತರೆ ಒಳಗಿನ ಬೇರಿನಿಂದ ಮತ್ತೆ ಬರುತ್ತದೆ. ಅದು ಕೂತ ಜಾಗದಿಂದ ಒಂದಡಿ ಕೆಳಗೆ, ಗಟ್ಟಿ ಮರ ಸಿಗುವ ತನಕ ಕೊಂಬೆಯನ್ನೇ ಕತ್ತರಿಸುತ್ತೇನೆ. ದಪ್ಪ ಕಾಂಡದಲ್ಲಿ ಕೂತಿದ್ದರೆ ಕತ್ತರಿಸುವ ಹಾಗಿಲ್ಲ, ಬೆರ್ರಿ ಬಿಡುವ ಮೊದಲೇ ಮುರಿದು ಹಾಕುತ್ತಾ ಇರಬೇಕು.

2020ರಿಂದ ಈ ಭಾಗ ಸೇರಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 1,500 ಚದರ ಮೀಟರ್‌ಗಿಂತ ದೊಡ್ಡ ಇಂಥ ತೋಪುಗಳನ್ನು ಅನುಮತಿ ಇಲ್ಲದೆ ಬೇರೆ ಬಳಕೆಗೆ ತಿರುಗಿಸುವಂತಿಲ್ಲ. ಒಳ್ಳೆಯ ಕಾನೂನು. ಆದರೂ ಏಣಿ ಹತ್ತುವವರು ಬೇಕಲ್ವಾ?

ಒಂದು ಮರವನ್ನು ಮಾತ್ರ ನಾನು ಮುಟ್ಟುವುದಿಲ್ಲ. ಅರ್ಧ ಒಣಗಿದೆ, ಹಣ್ಣು ಒಂದು ಬುಟ್ಟಿಯೂ ಇಲ್ಲ. ಅದರಲ್ಲಿ ಮರಕುಟಿಗ ಕೊರೆದ ಪೊಟರೆ ಇದೆ. ಏಪ್ರಿಲ್ ಕೊನೆಗೆ ಆಫ್ರಿಕಾದಿಂದ ಬಿಳಿ ಕೊರಳಪಟ್ಟಿಯ ನೊಣಹಿಡುಕ ಬರುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಹಕ್ಕಿ. ಕಳೆದ ಎರಡು ವರ್ಷವೂ ಅದು ಮರಿ ಮಾಡಿದ್ದು ಆ ಪೊಟರೆಯಲ್ಲೇ.