ಹದಿನೈದು ಲೀಟರ್ ಗೀಸರ್ ಹಾಕಿಸುವ ಮುನ್ನ

ನಾಲ್ಕು ಜನರ ಮನೆಯಲ್ಲಿ ಬಕೆಟ್ ಸ್ನಾನಕ್ಕೆ 15 ಲೀಟರ್ ಗೀಸರ್ ಸಾಕು. ಬೆಲೆ ಸುಮಾರು 6,000ದಿಂದ 10,000 ರೂಪಾಯಿ. ಪೈಪು, ವಾಲ್ವು, ಕೂಲಿ ಸೇರಿ ಇನ್ನೊಂದು ಸಾವಿರದಷ್ಟು ಇಟ್ಟುಕೊಳ್ಳಿ. ವೈರಿಂಗ್ ಹೊಸದಾಗಿ ಎಳೆಸಬೇಕಾದರೆ ಖರ್ಚು ಬೇರೆ.

ಮೊದಲು ಕರೆಂಟು ನೋಡಿ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ಸ್ ಎಳೆಯುತ್ತದೆ. ಆದ್ದರಿಂದ 6 ಆಂಪ್ಸ್ ಸಾಕೆಟ್ ಬೇಡವೇ ಬೇಡ, ಕರಗಿಹೋಗುತ್ತದೆ. 16 ಆಂಪ್ಸ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ವೈರು, ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಕೂಡಲೇ ಆಫ್ ಮಾಡುವ ಸ್ವಿಚ್), ಸರಿಯಾದ ಅರ್ತಿಂಗ್ ಇರಲೇಬೇಕು. ಅರ್ತಿಂಗ್ ಇಲ್ಲದ ಮನೆಯಲ್ಲಿ ಗೀಸರ್ ಹಾಕಿಸಬೇಡಿ, ಜೀವದ ಪ್ರಶ್ನೆ.

ನೀರು ತುಂಬಿದ ಗೀಸರ್ 25 ಕೆಜಿ ಆಸುಪಾಸು ತೂಗುತ್ತದೆ. ಹಾಲೋ ಬ್ಲಾಕ್ ಗೋಡೆಯ ಟೊಳ್ಳಿನಲ್ಲಿ ಆಂಕರ್ ಬೋಲ್ಟ್ ಹಿಡಿಯುವುದಿಲ್ಲ. ಗಟ್ಟಿ ಗೋಡೆ ಅಥವಾ ಕಾಂಕ್ರೀಟ್ ಕಂಬ ಆರಿಸಿ. ಬಿಸಿನೀರಿಗೆ ಸಾಧಾರಣ ಪಿವಿಸಿ ಅಲ್ಲ, ಬಿಸಿ ತಾಳುವ ಸಿಪಿವಿಸಿಯಂಥ ಪೈಪೇ ಬೇಕು. ಸೇಫ್ಟಿ ವಾಲ್ವ್ ಕೂರುವುದು ತಣ್ಣೀರು ಒಳಬರುವ ನೀಲಿ ಗುರುತಿನ ಕಡೆ. ಅದರಿಂದ ಹನಿ ತೊಟ್ಟಿಕ್ಕಿದರೆ ಬಟ್ಟೆ, ಎಂಸೀಲ್ ತುರುಕಿ ಮುಚ್ಚಬೇಡಿ. ಕಾದ ನೀರು ಹಿಗ್ಗಿದಾಗ ಒತ್ತಡ ಹೊರಹೋಗುವ ದಾರಿಯೇ ಅದು.

ಕೂರಿಸಿದ ಮೇಲೆ ಬಿಸಿನೀರಿನ ನಲ್ಲಿ ತೆರೆದಿಡಿ. ಗಾಳಿ ಸದ್ದು ನಿಂತು ನೀರು ಒಂದೇ ಸಮ ಬಂದ ಮೇಲಷ್ಟೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿಗೆ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ಬೋರ್‌ವೆಲ್ ನೀರಾದರೆ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ. ನೀರು ಕಾಯಲು ತಡವಾಗುವುದು, ಒಳಗೆ ಗುಡುಗುಡು ಸದ್ದು ಬರುವುದು ಅದರ ಗುರುತು. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಷಿಯಂ ರಾಡ್ ಸವೆದಿದ್ದರೆ ಆಗಲೇ ಬದಲಿಸಿ.