ನಲವತ್ತು ಮನೆಗಳ ಸಭೆ, ನಾಲ್ಕು ಶನಿವಾರಗಳ ತಯಾರಿ

ಸಿಂಧನೂರು ಸೀಮೆಯ ನಮ್ಮ ಚರ್ಚಿನ ಸಭೆಯಲ್ಲಿ ನಲವತ್ತು ಮನೆಗಳಿವೆ. ಡಿಸೆಂಬರ್ ಹೊತ್ತಿಗೆ ಕಾಲುವೆ ಕೆಳಗಿನ ಭತ್ತದ ಕೊಯ್ಲು, ಹತ್ತಿ ಬಿಡಿಸುವುದು ಎರಡೂ ಒಟ್ಟಿಗೆ ಬರುತ್ತವೆ. ಜನ ಕೈಗೆ ಸಿಗುವುದು ಶನಿವಾರ ಸಂಜೆ ಮಾತ್ರ. ಹಾಗಾಗಿ ಕ್ರಿಸ್ಮಸ್ ಕೆಲಸವನ್ನೆಲ್ಲ ಆಗಮನ ಕಾಲದ (ಅಡ್ವೆಂಟ್, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ರವಿವಾರಗಳ ತಯಾರಿ ಕಾಲ) ನಾಲ್ಕು ಶನಿವಾರಗಳಿಗೆ ಹಂಚಿಕೊಂಡಿದ್ದೇವೆ.

ನವೆಂಬರ್ 30ಕ್ಕೆ ಅತಿ ಹತ್ತಿರದ ರವಿವಾರವೇ ಆಗಮನದ ಮೊದಲ ರವಿವಾರ. 2026ರಲ್ಲಿ ಅದು ನವೆಂಬರ್ 29. ಕ್ರಿಸ್ಮಸ್ ಸೋಮವಾರ ಬಿದ್ದರೆ (2028ರಲ್ಲಿ ಹಾಗೇ) ನಾಲ್ಕನೆಯ ರವಿವಾರ 24ರಂದೇ ಬರುತ್ತದೆ. ಬೆಳಿಗ್ಗೆ ಆರಾಧನೆಯ ಮೇಜಿಗೆ ಹಾಸಿದ ಆಗಮನದ ನೇರಳೆ ಬಟ್ಟೆ ತೆಗೆದು ಸಂಜೆಗೆ ಕ್ರಿಸ್ಮಸ್ಸಿನ ಬಿಳಿ ಹಾಸಬೇಕು. ಆ ವರ್ಷ ಅಲಂಕಾರವನ್ನು 23ಕ್ಕೇ ಮುಗಿಸಿಡಿ.

ನಾಲ್ಕು ರವಿವಾರಕ್ಕೆ ಒಂದೊಂದು, ಕ್ರಿಸ್ಮಸ್‌ಗೆ ನಡುವಿನದೊಂದು ಮೇಣದಬತ್ತಿ ಹಚ್ಚುವ ಅಡ್ವೆಂಟ್ ಚಕ್ರಕ್ಕೆ ಹಳೆ ಸೈಕಲ್ ರಿಮ್ ಸಾಕು. ಅದಕ್ಕೆ ಸುತ್ತಿದ ಬೇವಿನ ಸೊಪ್ಪು ಎರಡೇ ದಿನಕ್ಕೆ ಉದುರುತ್ತದೆ, ಅಶೋಕದ ಎಲೆ ವಾರ ತಡೆಯುತ್ತದೆ. ಕರಗಿದ ಮೇಣ ಸುರಿದು ಮೇಣದಬತ್ತಿ ನಿಲ್ಲಿಸಿದರೆ ಕಬ್ಬಿಣದ ಮೇಲೆ ಹಿಡಿಯುವುದಿಲ್ಲ. ದೀಪಾವಳಿಗೆ ಬರುವ ದೊಡ್ಡ ಹಣತೆಗೆ ಹಸಿ ಜೇಡಿಮಣ್ಣು ತುಂಬಿ, ಅದರಲ್ಲಿ ಬತ್ತಿ ಊರಿ, ಒಂದು ರಾತ್ರಿ ಒಣಗಲು ಬಿಡುತ್ತೇವೆ. ನೇರಳೆ ಮೂರು, ಗುಲಾಬಿ ಒಂದು, ನಡುವೆ ಬಿಳಿ. ಬಣ್ಣದ ಬತ್ತಿ ಸಿಗದಿದ್ದರೆ ಬಿಳಿ ಬತ್ತಿಯ ಹಣತೆಯ ಸುತ್ತ ಬಣ್ಣದ ಬಟ್ಟೆಪಟ್ಟಿ ಕಟ್ಟಿ. ಕಾಗದ ಬೇಡ, ಬೇಗ ಬೆಂಕಿ ಹಿಡಿಯುತ್ತದೆ. ಪ್ರತಿ ಸಲ ಹಿಂದಿನವುಗಳ ಜೊತೆ ಹೊಸದೊಂದು ಹಚ್ಚುವುದರಿಂದ ಮೊದಲ ಬತ್ತಿ ಒಟ್ಟು ಐದು ಆರಾಧನೆ ಉರಿಯಬೇಕು, ಒಂದೂವರೆ ತಾಸಿನಂತೆ ಏಳೂವರೆ ತಾಸು. ಕೊಳ್ಳುವ ಮುಂಚೆ ಒಂದನ್ನು ಒಂದು ತಾಸು ಉರಿಸಿ, ಎಷ್ಟು ಕರಗಿತೆಂದು ಅಳೆದು ಲೆಕ್ಕ ಹಾಕಿ. ಚಕ್ರದ ಮೇಲಿನ ಫ್ಯಾನ್ ಆರಿಸದಿದ್ದರೆ ಈ ಲೆಕ್ಕವೂ ಕೆಡುತ್ತದೆ.

ಅತಿ ಹೆಚ್ಚು ಹಾಳಾಗುವುದು ನಕ್ಷತ್ರ. ಬಿದಿರಿನ ದಬ್ಬೆ ಹತ್ತು ಬೇಕು, ಒಂದೊಂದೂ 36 ಇಂಚು. ಪ್ರತಿ ದಬ್ಬೆಗೂ ಎರಡೂ ತುದಿಯಿಂದ ಹದಿಮೂರೂಮುಕ್ಕಾಲು ಇಂಚಿಗೆ ಗುರುತು ಹಾಕಿ. ಐದು ದಬ್ಬೆಗಳನ್ನು ಒಂದರ ಮೇಲೊಂದು, ಒಂದರ ಕೆಳಗೊಂದು ಹೆಣೆದು ಐದು ಮೂಲೆಯ ಚುಕ್ಕಿ ಮಾಡಿ. ಗುರುತು ಗುರುತಿಗೆ ಕೂತರೆ ಚುಕ್ಕಿ ಸೊಟ್ಟಗಾಗುವುದಿಲ್ಲ. ಐದು ತುದಿ, ಒಳಗಿನ ಐದು ಕೂಡು, ಒಟ್ಟು ಹತ್ತು ಕಡೆ ಸುತಳಿ ಬಿಗಿಯಬೇಕು. ಇಂಥ ಎರಡು ಚುಕ್ಕಿಗಳನ್ನು ತುದಿಗೆ ತುದಿ ಸೇರಿಸಿ ಕಟ್ಟಿ, ಒಳಗಿನ ಐದು ಕೂಡುಗಳ ನಡುವೆ ಆರಿಂಚಿನ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಗಾಳಿಪಟದ ಹಾಳೆ ಚೆಂದ ಕಾಣುತ್ತದೆ, ಆದರೆ ಇಬ್ಬನಿಗೆ ಜೋತು ಬೀಳುತ್ತದೆ. ಹೊರಗೆ ತೂಗುವುದಕ್ಕೆ ಪ್ಲಾಸ್ಟಿಕ್ ಹಾಳೆಯೇ ಸರಿ. ಬಲ್ಬು 9 ವ್ಯಾಟಿನ ಎಲ್‌ಇಡಿ. ಹಳೆಯ 60 ವ್ಯಾಟಿನ ಬಲ್ಬು ಹಾಳೆಯನ್ನು ಸುಡುತ್ತದೆ.

ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹೊಸ ಭತ್ತದ ಹುಲ್ಲು ಹೇರಳ. ಮಷೀನಿನಿಂದ ಬಿದ್ದ ಹಸಿ ಹುಲ್ಲನ್ನು ಹಾಗೇ ತಂದರೆ ಮುಗ್ಗುತ್ತದೆ, ಎರಡು ದಿನ ಬಿಸಿಲಿಗೆ ಹರಡಿ. ಬಾಲಯೇಸುವಿನ ಜಾಗ 24ರ ರಾತ್ರಿಯವರೆಗೆ ಖಾಲಿ ಇರಲಿ. ಹತ್ತಿ ಹರಡಿ ಹಿಮ ಮಾಡುವುದು ನನಗೆ ಸೇರದು. ಬೆಲೆ ಬರುವ ಹತ್ತಿ ಅದು, ಸಾಲದ್ದಕ್ಕೆ ಬತ್ತಿಯ ಕಿಡಿ ಬಿದ್ದರೆ ಹುಲ್ಲಿಗಿಂತ ಬೇಗ ಹತ್ತಿಕೊಳ್ಳುತ್ತದೆ.

ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹೇಳುವ ಕ್ಯಾರಲ್ಸ್ ಮೂರನೆಯ ರವಿವಾರದ ನಂತರವೇ. ಮನೆಗೆ ಏಳು ನಿಮಿಷ: ಎರಡು ಹಾಡು, ಒಂದು ಪ್ರಾರ್ಥನೆ. ನಲವತ್ತು ಮನೆ, ನಡಿಗೆ ಸೇರಿ, ಮೂರು ರಾತ್ರಿ. ತೆಲುಗು ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡಿ. ಹುಡುಗರಿಗೆ ಆ ಭಾಷೆ ಬರುತ್ತದೆ, ಅಕ್ಷರ ಬರುವುದಿಲ್ಲ. ಢೋಲಕ್ಕಿನ ಚರ್ಮ ಇಬ್ಬನಿಗೆ ಸಡಿಲಾಗುತ್ತದೆ, ಮನೆಯಿಂದ ಮನೆಗೆ ಹೋಗುವಾಗ ಕಂಬಳಿ ಹೊದಿಸಿ.

ಕ್ರಿಸ್ಮಸ್ ಬೆಳಿಗ್ಗೆ ನೆಂಟರು ಸೇರಿ ಜನ ದುಪ್ಪಟ್ಟಾಗುತ್ತಾರೆ. ಪ್ರಭುಭೋಜನದ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತಯಾರಿಯೂ ಅಷ್ಟೇ ಹೆಚ್ಚಬೇಕು.

31ರ ರಾತ್ರಿಯ ಆರಾಧನೆ ಹತ್ತೂವರೆಗೆ ಶುರು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರ ನಂತರ ಬಯಲಲ್ಲಿ ಮೈಕು ಹಾಕುವಂತಿಲ್ಲ. ಹೊರಗಿನ ಹಾರ್ನ್ ಬಿಚ್ಚಿ, ಬಾಗಿಲು ಹಾಕಿ, ಒಳಗೆ ಒಂದೇ ಸ್ಪೀಕರ್ ಬಾಕ್ಸ್ ಇಡುತ್ತೇವೆ. 11:55ಕ್ಕೆ ದೀಪ ಆರಿಸಿ ಮೌನಪ್ರಾರ್ಥನೆ, 12ಕ್ಕೆ ಗಂಟೆ. ಆಮೇಲೆ ವಾಗ್ದಾನದ ಚೀಟಿ, ಅಂದರೆ ಹೊಸ ವರ್ಷಕ್ಕೆಂದು ಒಬ್ಬೊಬ್ಬರೂ ಎತ್ತಿಕೊಳ್ಳುವ ಬೈಬಲ್ ವಚನ. ಮನೆಗಳ ಲೆಕ್ಕದಲ್ಲಿ ಮಾಡಿದರೆ ಸಾಲುವುದಿಲ್ಲ, ಮಕ್ಕಳೂ ಕೈ ಚಾಚುತ್ತಾರೆ. ತಲೆಗೊಂದರಂತೆ ಬರೆದು ಇಪ್ಪತ್ತು ಹೆಚ್ಚಿಗೆ ಇಡಿ. ನೂರು ಲೋಟ ಚಹಾಕ್ಕೆ ಹಾಲು 5 ಲೀಟರ್, ನೀರು 3, ಸಕ್ಕರೆ 1 ಕಿಲೋ, ಪುಡಿ 250 ಗ್ರಾಂ, ಜಜ್ಜಿದ ಶುಂಠಿ 100 ಗ್ರಾಂ. ಶುಂಠಿಯನ್ನು ನೀರಲ್ಲೇ ಚೆನ್ನಾಗಿ ಕುದಿಸಿ ಆಮೇಲೆ ಹಾಲು ಹಾಕಿ, ಇಲ್ಲದಿದ್ದರೆ ಹಾಲು ಒಡೆಯುತ್ತದೆ.

ಕ್ರಿಸ್ಮಸ್ ಕಾಲ ಮುಗಿಸುವ ಜನವರಿ 6ರ ಹಬ್ಬ (ಜ್ಞಾನಿಗಳು ಬಾಲಯೇಸುವನ್ನು ಕಂಡ ನೆನಪು) ದಾಟಿದ ಮೇಲೆ ನಕ್ಷತ್ರ ಇಳಿಸಿ ಹಾಳೆ ಹರಿದು ಹಾಕುತ್ತೇವೆ. ಬಿದಿರಿನ ಚೌಕಟ್ಟನ್ನು ನೆಲಕ್ಕೆ ತಾಗಿಸಿಟ್ಟರೆ ಗೆದ್ದಲು ತಿನ್ನುತ್ತದೆ, ಜಂತಿಗೆ ತೂಗುಹಾಕಿ.