ಹಳೆ ಲಿಥಿಯಂ ಬ್ಯಾಟರಿ: ಗುಜರಿಗೆ ಹಾಕುವ ಮುಂಚಿನ ಕೆಲಸ

ಕುಶಾಲನಗರದಲ್ಲಿ ನನ್ನದು ಇನ್ವರ್ಟರ್, ಸ್ಪ್ರೇಯರ್ ರಿಪೇರಿ ಅಂಗಡಿ. ಕೆಟ್ಟ ಲಿಥಿಯಂ ಬ್ಯಾಟರಿಗಳು ಈಗ ಎಲ್ಲೆಲ್ಲಿಂದಲೋ ಬರುತ್ತವೆ. ತೋಟದ ರೈಟರ್‌ಗಳ (ಮೇಲ್ವಿಚಾರಕರ) ತಲೆ ಟಾರ್ಚು, ಕಾಫಿ ಕಸಿ ಮಾಡುವ, ಅಂದರೆ ರೆಂಬೆ ಸವರುವ ಬ್ಯಾಟರಿ ಕತ್ತರಿ, ಹೋಮ್‌ಸ್ಟೇ ಗೇಟಿನ ಸೋಲಾರ್ ದೀಪ, ಮೊಬೈಲ್ ಅಂಗಡಿಗಳ ಉಬ್ಬಿದ ಬ್ಯಾಟರಿ. ಇವನ್ನು ವಿಂಗಡಿಸಿ, ಚಾರ್ಜ್ ಇಳಿಸಿ, ನೋಂದಾಯಿತ ಮರುಬಳಕೆ ಘಟಕಕ್ಕೆ ಕಳಿಸುತ್ತೇನೆ.

‘ಅದರಲ್ಲಿ ಕೋಬಾಲ್ಟ್ ಅನ್ನೋ ಬೆಲೆಬಾಳುವ ಲೋಹ ಇದೆಯಂತೆ, ನೀವೇ ತೆಗೀಬಹುದಲ್ವಾ?’ ಅಂತ ಕೇಳುವವರು ಜಾಸ್ತಿ. ಬೇಡ. ಘಟಕದಲ್ಲಿ ಬ್ಯಾಟರಿಯನ್ನು ಪುಡಿ ಮಾಡಿ ತಾಮ್ರ, ಅಲ್ಯೂಮಿನಿಯಂ ಬೇರೆ ಮಾಡುತ್ತಾರೆ. ಉಳಿದ ಕಪ್ಪು ಪುಡಿಯನ್ನು ಗಂಧಕಾಮ್ಲ, ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕರಗಿಸಿ ಒಂದೊಂದೇ ಲೋಹ ತೆಗೆಯುತ್ತಾರೆ. ಅಂಗಡಿ ಹಿತ್ತಲಲ್ಲಿ ಮಾಡುವ ಕೆಲಸ ಅಲ್ಲ ಅದು. ಸೆಲ್ ಒಡೆದು ಒಳಗಿನ ಲಿಥಿಯಂ ಲವಣಕ್ಕೆ ತೇವ ತಗುಲಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ನಮ್ಮ ಆಷಾಢದಲ್ಲಿ ತೇವಕ್ಕೇನು ಬರವಾ?

ನನ್ನ ಮುಖ್ಯ ಕೆಲಸ ವಿಂಗಡಣೆ. ಮೊಬೈಲ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಇರುವುದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಆ ಆಕ್ಸೈಡ್‌ನ ತೂಕದಲ್ಲಿ ಸುಮಾರು 60 ಶೇಕಡಾ ಕೋಬಾಲ್ಟೇ. ಸೋಲಾರ್ ದೀಪಗಳಲ್ಲಿ ಹೆಚ್ಚಾಗಿ ಕಬ್ಬಿಣ, ಫಾಸ್ಫೇಟ್ ಇರುವ ಎಲ್‌ಎಫ್‌ಪಿ ಸೆಲ್. ಅದರಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಇಡೀ ಚೀಲದ ಬೆಲೆ ಬೀಳುತ್ತದೆ. ಲೇಬಲ್‌ನಲ್ಲಿ 12.8 ವೋಲ್ಟ್ ಅಂತಿದ್ದರೆ ಅದು 3.2 ವೋಲ್ಟಿನ ನಾಲ್ಕು ಎಲ್‌ಎಫ್‌ಪಿ ಸೆಲ್ ಸಾಲಾಗಿ ಜೋಡಿಸಿದ್ದು. 11.1 ಅಂತಿದ್ದರೆ 3.7ರ ಮೂರು ಸೆಲ್, ಸಾಮಾನ್ಯವಾಗಿ ಕೋಬಾಲ್ಟ್ ಗುಂಪಿಗೆ ಸೇರಿದ್ದು. ಲೇಬಲ್ ಹರಿದಿದ್ದರೆ ಅದರ ಚಾರ್ಜರ್ ತರಿಸಿ ನೋಡುತ್ತೇನೆ. ಪೂರ್ತಿ ಚಾರ್ಜ್ ಮಾಡುವ ವೋಲ್ಟೇಜ್ ಅದರ ಮೇಲೆ 14.6 ಅಂತಿದ್ದರೆ ಎಲ್‌ಎಫ್‌ಪಿ, 12.6 ಆದರೆ ಕೋಬಾಲ್ಟ್ ಗುಂಪು. ಯಾವುದೂ ತಿಳಿಯದಿದ್ದರೆ ಬೇರೆ ಡಬ್ಬಿ. ಊಹೆಯ ಮೇಲೆ ಸೇರಿಸಲ್ಲ.

ಆಮೇಲೆ ಚಾರ್ಜ್ ಇಳಿಸುವುದು. 11.1 ವೋಲ್ಟ್ ಪ್ಯಾಕಿಗೆ ಬೈಕಿನ 12 ವೋಲ್ಟ್ ಇಂಡಿಕೇಟರ್ ಬಲ್ಬ್ ಸಾಕು. ಆದರೆ ಬಲ್ಬ್ ಆರಿತು ಅಂದ ಮಾತ್ರಕ್ಕೆ ಸೆಲ್ ಖಾಲಿ ಅಲ್ಲ. ಒಳಗಿನ ರಕ್ಷಣಾ ಬೋರ್ಡು ತಾನೇ ಸಂಪರ್ಕ ಕಡಿದಿರಬಹುದು. ಹಾಗಾಗಿ ಬೋರ್ಡಿನ ಆಚೆ, ಸೆಲ್ ಮೇಲೇ ಮೀಟರ್ ಇಟ್ಟು ನೋಡುತ್ತೇನೆ. ಮಾರನೇ ದಿನ ವೋಲ್ಟೇಜ್ ಸ್ವಲ್ಪ ಮೇಲೆದ್ದಿರುತ್ತದೆ, ಆಗ ಮತ್ತೆ ಇಳಿಸಬೇಕು. ಉಬ್ಬಿದ್ದನ್ನು ಮಾತ್ರ ಮುಟ್ಟಲ್ಲ. ಚುಚ್ಚಲ್ಲ, ಒತ್ತಲ್ಲ, ಬಲ್ಬೂ ಹಾಕಲ್ಲ. ಕಬ್ಬಿಣದ ಡ್ರಮ್ಮಿನಲ್ಲಿ ಒಣ ಮರಳಿನೊಳಗೆ, ಒಂದಕ್ಕೊಂದು ತಾಗದ ಹಾಗೆ ಇಡುತ್ತೇನೆ.

ಉಪ್ಪು ನೀರಲ್ಲಿ ಅದ್ದಿದರೆ ಸುಲಭ ಅಂತ ವಿಡಿಯೋ ನೋಡಿದ ಹುಡುಗರು ಹೇಳುತ್ತಾರೆ. ನನಗೆ ಅದು ಒಗ್ಗಲ್ಲ. ತುದಿಯ ಲೋಹ ತುಕ್ಕು ಹಿಡಿದು ಸಂಪರ್ಕ ಕಡಿದುಹೋದರೆ ಚಾರ್ಜ್ ಒಳಗೇ ಉಳಿಯುತ್ತದೆ. ಸೆಲ್ ಸೋರಿದರೆ ಆ ನೀರೂ ವಿಷ. ಎಲ್ಲಿ ಚೆಲ್ಲುವುದು? ಇಲ್ಲಿ ಯಾವ ಚರಂಡಿಗೆ ಸುರಿದರೂ ಕೊನೆಗೆ ಕಾವೇರಿಗೇ.

ಮಳೆಗಾಲಕ್ಕೆ ಮುಂಚೆ ಸರಕು ಸಾಗಿಸಿಬಿಡುತ್ತೇನೆ. ಪ್ರತಿ ಸೆಲ್‌ನ ಎರಡೂ ತುದಿಗೆ ಟೇಪ್ ಹಚ್ಚುತ್ತೇನೆ. ಹಣದ ವಿಷಯ ಹೇಳಬೇಕೆಂದರೆ, ಎಲ್‌ಎಫ್‌ಪಿಗೆ ಸಿಗುವುದು ಸಾಗಾಟಕ್ಕೇ ಸರಿಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವುದು ತಯಾರಕರ ಹೊಣೆ. ಹಾಗಾಗಿ ಹೊಸದು ಕೊಳ್ಳುವಾಗ ‘ಹಳೇದು ವಾಪಸ್ ತಗೋತೀರಾ?’ ಅಂತ ಡೀಲರನ್ನು ಕೇಳಿ. ಅವರು ತಗೊಂಡರೆ ನನ್ನ ಅಂಗಡಿಗೆ ತರುವುದೇ ಬೇಡ.